ಒಂದೇ ಮನೆತನ ಹಲವು ಉದ್ಯಮಗಳನ್ನು ನಡೆಸುವುದು ಹೇಗೆ?

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿ ನಡೆಸುವ ಒಂದು ಮನೆತನವನ್ನು ಕಲ್ಪಿಸಿಕೊಳ್ಳೋಣ. ಎರಡು ತಲೆಮಾರುಗಳಲ್ಲಿ ಅಂಗಡಿಯ ಜೊತೆಗೆ ಕೋಲ್ಡ್ ಸ್ಟೋರೇಜ್, ಖಾರದ ಪುಡಿಯ ಗಿರಣಿ, ಎರಡು ಲಾರಿ ಮತ್ತು ಬೀಜ-ಗೊಬ್ಬರದ ಅಂಗಡಿ ಸೇರಿಕೊಂಡಿವೆ. ಹುಬ್ಬಳ್ಳಿಯಲ್ಲೊಂದು ಲಾಡ್ಜ್ ಕಟ್ಟುವ ಮಾತೂ ನಡೆದಿದೆ. ಒಂದು ಉದ್ಯಮ ಕೈಕೊಟ್ಟರೆ ಉಳಿದವು ಮನೆಯನ್ನು ಎತ್ತಿ ಹಿಡಿಯುತ್ತವೆ ಎಂಬುದು ಹಿರಿಯರ ನಂಬಿಕೆ. ಆ ನಂಬಿಕೆಯನ್ನು ಲೆಕ್ಕಕ್ಕೆ ಹಚ್ಚಿ ನೋಡುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಪ್ರತಿಯೊಂದು ಉದ್ಯಮಕ್ಕೂ ಪ್ರತ್ಯೇಕ ಕಿರ್ದಿ (ದಿನದ ಲೆಕ್ಕದ ಪುಸ್ತಕ), ಪ್ರತ್ಯೇಕ ಖತಾವಣಿ (ಖಾತೆವಾರು ಲೆಕ್ಕದ ಪುಸ್ತಕ) ಮತ್ತು ಪ್ರತ್ಯೇಕ ಬ್ಯಾಂಕ್ ಖಾತೆ ಇರಬೇಕು. ದಲಾಲಿ ಅಂಗಡಿಯ ರೋಕಡದಿಂದ ಲಾರಿಯ ಡೀಸೆಲ್ ಹಾಕಿಸಿದರೆ ಅದನ್ನು ಸಾಲವೆಂದೇ ಬರೆಯಬೇಕು. ಸ್ವಂತ ಕಟ್ಟಡದ ಬಾಡಿಗೆಯನ್ನೂ ದುಡಿಯುವ ಅಣ್ಣ-ತಮ್ಮಂದಿರ ಸಂಬಳವನ್ನೂ ಖರ್ಚಿಗೆ ಹಿಡಿಯದಿದ್ದರೆ, ನಷ್ಟದಲ್ಲಿರುವ ಉದ್ಯಮವೂ ಲಾಭದಲ್ಲಿರುವಂತೆ ತೋರುತ್ತದೆ.

ಎರಡನೆಯ ಹೆಜ್ಜೆಗೆ ಹೆಚ್ಚು ಸಮಯ ಕೊಡಬೇಕು. ಪ್ರತಿ ಉದ್ಯಮದ ಹೆಸರಿನ ಮುಂದೆ, ಅದರ ಆದಾಯ ಯಾವ ಕಾರಣದಿಂದ ನಿಂತುಹೋಗಬಹುದು ಎಂಬುದನ್ನು ಬರೆಯಿರಿ. ಮಳೆ ಕೈಕೊಟ್ಟ ವರ್ಷ ಮಾರುಕಟ್ಟೆಗೆ ಬರುವ ಚೀಲಗಳು ಕಡಿಮೆಯಾಗಿ ದಲಾಲಿ ಇಳಿಯುತ್ತದೆ, ಕೋಲ್ಡ್ ಸ್ಟೋರೇಜಿನ ಅಟ್ಟಣಿಗೆಗಳು ಖಾಲಿ ಉಳಿಯುತ್ತವೆ, ಲಾರಿಗೆ ಬಾಡಿಗೆ ಸಿಗುವುದಿಲ್ಲ, ಗೊಬ್ಬರದ ಅಂಗಡಿಯ ಉದ್ರಿ ವಸೂಲಾಗುವುದಿಲ್ಲ. ಹೊರಗೆ ಫಲಕಗಳು ಎಷ್ಟೇ ಇದ್ದರೂ ಈ ಮನೆತನ ಹೊತ್ತಿರುವ ಅಪಾಯ ಬಹುಪಾಲು ಒಂದೇ. ಆದರೆ ದರ ಕುಸಿತದ ವರ್ಷದಲ್ಲಿ ಚಿತ್ರ ಬೇರೆಯಾಗುತ್ತದೆ: ದಲಾಲಿಯು ಮಾರಾಟದ ಮೊತ್ತದ ಮೇಲಿನ ಶೇಕಡಾವಾರು ಆದುದರಿಂದ ಅದು ಇಳಿಯುತ್ತದೆ, ಒಳ್ಳೆಯ ದರಕ್ಕಾಗಿ ಕಾಯುವ ರೈತರೂ ವ್ಯಾಪಾರಿಗಳೂ ಮಾಲನ್ನು ಕೋಲ್ಡ್ ಸ್ಟೋರೇಜಿನಲ್ಲಿ ಇಡುವುದರಿಂದ ಅಲ್ಲಿನ ಬಾಡಿಗೆ ಏರುತ್ತದೆ. ಹಾಗಾಗಿ ಇವೆರಡು ದರದ ಏರಿಳಿತದಲ್ಲಿ ಒಂದಕ್ಕೊಂದು ಆಸರೆಯಾಗುತ್ತವೆ, ಬರಗಾಲದಲ್ಲಿ ಆಗುವುದಿಲ್ಲ. ಈ ವ್ಯತ್ಯಾಸವನ್ನು ಕಾಣದೆ ಆರನೆಯ ಉದ್ಯಮಕ್ಕೆ ಕೈಹಾಕಬಾರದು.

ಮುಂದಿನದು ಗಾತ್ರದ ಪ್ರಶ್ನೆ. 60,000 ಚೀಲ ಹಿಡಿಯುವ ಕೋಲ್ಡ್ ಸ್ಟೋರೇಜಿಗೆ ಬಡ್ಡಿ, ಸಂಬಳ, ದುರಸ್ತಿ ಎಂದು ವರ್ಷಕ್ಕೆ 60 ಲಕ್ಷ ರೂಪಾಯಿ ಸ್ಥಿರ ಖರ್ಚಿದೆ ಎಂದಿಟ್ಟುಕೊಳ್ಳಿ. ತುಂಬಿದ್ದರೆ ಚೀಲಕ್ಕೆ 100 ರೂಪಾಯಿ, ಅರ್ಧ ಖಾಲಿಯಿದ್ದರೆ 200 ರೂಪಾಯಿ ಬೀಳುತ್ತದೆ. ಕಟ್ಟಡದ ಉದ್ದ, ಅಗಲ, ಎತ್ತರ ಮೂರನ್ನೂ ಇಮ್ಮಡಿಗೊಳಿಸಿದರೆ ಬಿಸಿ ಒಳನುಗ್ಗುವ ಹೊರಮೈ ನಾಲ್ಕು ಪಟ್ಟಾಗುತ್ತದೆ, ಚೀಲಗಳಿಗೆ ಸಿಗುವ ಜಾಗ ಎಂಟು ಪಟ್ಟಾಗುತ್ತದೆ. ದೊಡ್ಡ ಘಟಕದಲ್ಲಿ ಚೀಲವೊಂದಕ್ಕೆ ತಗಲುವ ವಿದ್ಯುತ್ ಕಡಿಮೆಯಾಗುವುದು ಇದೇ ಕಾರಣಕ್ಕೆ. ತುಂಬಿಸಲು ಮಾಲು ಇಲ್ಲದವರಿಗೆ ಈ ಗಣಿತ ಪ್ರಯೋಜನಕ್ಕೆ ಬರುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿಯ ಬಣ್ಣವನ್ನು ದ್ರಾವಕದಿಂದ ಹಿಂಡಿ ತೆಗೆಯುವ ಓಲಿಯೋರೆಸಿನ್ ಉದ್ಯಮವು ಪುಡಿಯ ಗಿರಣಿಯಂತೆ ಸಣ್ಣದಾಗಿ ಆರಂಭಿಸುವಂಥದ್ದಲ್ಲ.

ಹೊಸ ಉದ್ಯಮವು ಹಳೆಯದರಿಂದ ಏನನ್ನು ಪಡೆಯುತ್ತದೆ ಎಂದೂ ಕೇಳಬೇಕು. ಗಿರಣಿಗೆ ಮಾಲಿನ ಗುಣ ಗುರುತಿಸುವ ಕಣ್ಣು ಮನೆಯಲ್ಲೇ ಸಿಗುತ್ತದೆ. ಆದರೆ ಅದೇ ಪುಡಿಯನ್ನು ಪೊಟ್ಟಣದಲ್ಲಿ ಕಿರಾಣಿ ಅಂಗಡಿಗಳಿಗೆ ಮಾರಲು ಹೆಸರು, ಜಾಹೀರಾತು, ಅಂಗಡಿಕಾರರಿಗೆ ಉದ್ರಿ ಎಲ್ಲವನ್ನೂ ಹೊಸದಾಗಿ ಕಟ್ಟಬೇಕು. ಲಾಡ್ಜ್ ಮಳೆಯನ್ನು ನೆಚ್ಚಿಕೊಂಡಿಲ್ಲ ಎಂಬುದು ನಿಜ, ಆದರೆ ದಲಾಲಿಯ ಅನುಭವ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ನಮ್ಮ ಭಾಗದಲ್ಲಿ ಎಷ್ಟೋ ಹೊಸ ಉದ್ಯಮಗಳು ಹುಟ್ಟುವುದು ಮಾರುಕಟ್ಟೆಯ ಅಗತ್ಯದಿಂದಲ್ಲ, ಮಕ್ಕಳಿಗೆ ತಲೆಗೊಂದು ಇರಲಿ ಎಂಬ ಕಾಳಜಿಯಿಂದ. ಆ ಕಾಳಜಿ ಅರ್ಥವಾಗುವಂಥದ್ದೇ. ಆದರೂ ಅದಕ್ಕೆ ಪಾಲುದಾರಿಕೆಯಂಥ ಬೇರೆ ದಾರಿಗಳಿವೆ.

ಆಮೇಲೆ ಬಂಡವಾಳದ ಹಂಚಿಕೆ. 2 ಕೋಟಿ ಹಾಕಿದ ಲಾಡ್ಜ್ ವರ್ಷಕ್ಕೆ 14 ಲಕ್ಷ ತಂದರೆ ಗಳಿಕೆ ಶೇ 7. ಆ ಹಣಕ್ಕೆ ಬ್ಯಾಂಕಿನ ಬಡ್ಡಿ ಶೇ 10 ಇದ್ದರೆ ವರ್ಷಕ್ಕೆ 6 ಲಕ್ಷ ಕರಗುತ್ತದೆ. 1970ರಲ್ಲಿ ಅಮೆರಿಕದ ಸಲಹಾ ಸಂಸ್ಥೆಯಾದ ಬೋಸ್ಟನ್ ಕನ್ಸಲ್ಟಿಂಗ್ ಗ್ರೂಪ್‌ನ ಬ್ರೂಸ್ ಹೆಂಡರ್ಸನ್ ಅವರು ಉದ್ಯಮಗಳನ್ನು ಮಾರುಕಟ್ಟೆಯ ಬೆಳವಣಿಗೆ ಮತ್ತು ಅದರಲ್ಲಿ ನಮಗಿರುವ ಪಾಲು ಎಂಬ ಎರಡು ಅಳತೆಗಳಿಂದ ನಾಲ್ಕು ಗುಂಪು ಮಾಡಿದರು. ಬೆಳವಣಿಗೆ ನಿಧಾನವಾದರೂ ಪಾಲು ದೊಡ್ಡದಿರುವ ಉದ್ಯಮ ಅವರ ಲೆಕ್ಕದಲ್ಲಿ ಹಿಂಡುವ ಹಸು. ಅದರ ಹಾಲಿನಿಂದ, ಬೆಳೆಯುತ್ತಿರುವ ಮಾರುಕಟ್ಟೆಯ ಎಳೆಯ ಉದ್ಯಮವನ್ನು ಸಾಕಬೇಕು.

1976ರಲ್ಲಿ ವಿಜಯ ಸಂಕೇಶ್ವರರು ಗದಗಿನಲ್ಲಿ ಒಂದೇ ಲಾರಿಯಿಂದ ಆರಂಭಿಸಿದ ಸಾರಿಗೆ ಸಂಸ್ಥೆ ವಿಆರ್‌ಎಲ್, ಹುಬ್ಬಳ್ಳಿಯಲ್ಲಿ ನೆಲೆನಿಂತು ಬಸ್ಸು, ಕೊರಿಯರ್, ಪತ್ರಿಕೆ, ಪವನ ವಿದ್ಯುತ್ತಿನವರೆಗೂ ಬೆಳೆಯಿತು. 2015ರಲ್ಲಿ ಷೇರುಪೇಟೆಗೆ ಬಂದ ವಿಆರ್‌ಎಲ್ ಲಾಜಿಸ್ಟಿಕ್ಸ್, 2022-23ರಲ್ಲಿ ಬಸ್ಸು ಮತ್ತು ಪವನ ವಿದ್ಯುತ್ ವಿಭಾಗಗಳನ್ನು ತನ್ನಿಂದ ಬೇರ್ಪಡಿಸಿ ಸರಕು ಸಾಗಾಣಿಕೆಯ ಮೇಲೆ ಗಮನ ನೆಟ್ಟಿತು. ಹೆಚ್ಚಿಸಿಕೊಳ್ಳುವಷ್ಟೇ ಬಿಟ್ಟುಕೊಡುವುದೂ ಆಡಳಿತದ ಕೆಲಸವೆಂಬುದಕ್ಕೆ ನಮ್ಮ ಕಣ್ಣೆದುರಿನ ಉದಾಹರಣೆಯಿದು.

ಬಿಡುವ ಷರತ್ತನ್ನು ಮಾತ್ರ ಮೊದಲೇ ಬರೆದಿಡಬೇಕು. ಗಿರಣಿಯು ಮೂರು ವರ್ಷಗಳಲ್ಲಿ ಬ್ಯಾಂಕಿನ ಬಡ್ಡಿಯಷ್ಟೂ ಗಳಿಸದಿದ್ದರೆ, ಬೀಜ-ಗೊಬ್ಬರದ ಉದ್ರಿ ಸತತ ಎರಡು ಹಂಗಾಮು ವಸೂಲಾಗದಿದ್ದರೆ ಏನು ಮಾಡುವುದೆಂದು ದೀಪಾವಳಿಯ ಪಾಡ್ಯದಂದು ಹೊಸ ಕಿರ್ದಿಯಲ್ಲಿ ಬರೆದು, ಪಾಲುದಾರರೆಲ್ಲರೂ ಸಹಿ ಮಾಡಲಿ. ಮಾರುವುದಾದರೆ ಯಂತ್ರಗಳು ಓಡುತ್ತಿರುವಾಗ, ಕಾಯಂ ಗಿರಾಕಿಗಳು ಇನ್ನೂ ಇರುವಾಗ ಮಾರಬೇಕು. ಬಂದ ಹಣ ಮೊದಲು ಹೆಚ್ಚು ಬಡ್ಡಿಯ ಸಾಲಕ್ಕೆ ಹೋಗಲಿ, ಉಳಿದದ್ದನ್ನು ಎಲ್ಲಿ ಹಾಕಬೇಕೆಂದು ತೀರ್ಮಾನಿಸಲು ಎರಡನೆಯ ಹೆಜ್ಜೆಯ ಪಟ್ಟಿಯನ್ನೇ ಮತ್ತೆ ತೆರೆಯಬೇಕು.