ಆತಂಕಕ್ಕೊಂದು ರೋಖ–ಉದ್ರಿ ವಹಿ: ಸಾಂಕ್ರಾಮಿಕದ ಮೊದಲ ವಾರಗಳನ್ನು ಕಳೆಯುವ ಬಗೆ

2020ರ ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಇಪ್ಪತ್ತೊಂದು ದಿನಗಳ ಲಾಕ್‌ಡೌನ್ ಘೋಷಣೆಯಾಯಿತು; ಮರುದಿನವೇ ಯುಗಾದಿ. ಧಾರವಾಡದ ಸಪ್ತಾಪುರದ ನಮ್ಮ ಮನೆಯಲ್ಲಿ ಬೆಳಿಗ್ಗೆ ಪುಟಾಣಿ ಹಿಟ್ಟು, ಬೆಲ್ಲ, ಬೇವಿನ ಹೂವು ಹಾಕಿ ಬೇವು ಕದಡುತ್ತಿದ್ದ ಅವ್ವ, ಟಿ.ವಿ.ಯ ಮುಂದೆ ಕುಳಿತು ಇಟಲಿಯ ಸಾವುಗಳನ್ನು ಎಣಿಸುತ್ತಿದ್ದ ನನ್ನನ್ನು ನೋಡಿ, "ಜ್ವಾಳ ಐತಿ, ಹಿಟ್ಟಿಲ್ಲ. ಗಿರಣಿ ತಗೀತಾರೋ ಇಲ್ಲೋ, ಮೊದಲ ಅದನ್ನ ಕೇಳ್ಕೊಂಡು ಬಾ" ಎಂದಳು. ಈ ರೋಗ ಎಲ್ಲಿಗೆ ಹೋಗಿ ಮುಟ್ಟೀತೆಂಬ ನನ್ನ ಪ್ರಶ್ನೆಗೆ ಆ ದಿನ ಯಾರ ಬಳಿಯೂ ಉತ್ತರವಿರಲಿಲ್ಲ; ಅವಳ ಪ್ರಶ್ನೆಗೆ ಹತ್ತು ನಿಮಿಷದಲ್ಲಿ ಉತ್ತರ ಸಿಕ್ಕಿತು. ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಗಿರಣಿ ನಡೆಯುತ್ತದೆ, ಡಬ್ಬಿ ಇಟ್ಟು ದೂರ ನಿಲ್ಲಬೇಕು ಎಂದು ಗಿರಣಿಯವರು ಫೋನಿನಲ್ಲಿ ಹೇಳಿದರು. ಆ ದಿನ ಮಾಡಿಕೊಂಡ ಒಂದು ಲೆಕ್ಕದ ವಹಿಯಿಂದ ಮುಂದಿನ ವಾರಗಳನ್ನು ಹೇಗೆ ಕಳೆದೆವೆಂಬುದನ್ನು, ಇಂಥದೇ ಇನ್ನೊಂದು ಕಾಲ ಬಂದರೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ವಹಿಯನ್ನು ಕಿರಾಣಿ ಅಂಗಡಿಯವರ ಪದ್ಧತಿಯಲ್ಲಿಯೇ ಇಡಬೇಕು. ಎಡಪುಟಕ್ಕೆ ರೋಖ (ನಗದು) ಎಂದೂ ಬಲಪುಟಕ್ಕೆ ಉದ್ರಿ (ಸಾಲ) ಎಂದೂ ಹೆಸರು ಬರೆಯಿರಿ. ಇವತ್ತು ಹೊತ್ತು ಮುಳುಗುವುದರೊಳಗೆ ಕೇಳಿಯೋ ನೋಡಿಯೋ ಮಾಡಿಯೋ ಮುಗಿಸಬಹುದಾದ ಚಿಂತೆ ರೋಖ. ಅದರ ಮುಂದೆ ಯಾರನ್ನು ಕೇಳಬೇಕೆಂಬುದನ್ನು ಬರೆದು, ಮುಗಿದ ಮೇಲೆ ಗೀಟು ಹಾಕಬೇಕು. ಇವತ್ತು ಏನು ಮಾಡಿದರೂ ತೀರದ ಚಿಂತೆ ಉದ್ರಿ. ಅದರ ಮುಂದೆ ಯಾವ ದಿನ ಮತ್ತೆ ತೆಗೆದು ನೋಡಬೇಕೆಂಬ ತಾರೀಖು ಕಡ್ಡಾಯವಾಗಿ ಇರಬೇಕು, ಏಕೆಂದರೆ ತಾರೀಖಿಲ್ಲದ ಉದ್ರಿ ಅಂಗಡಿಯವನನ್ನೂ ನಿದ್ದೆಗೆಡಿಸುತ್ತದೆ. ಒಂದು ಉದಾಹರಣೆ ಹೇಳುತ್ತೇನೆ. ಮಾರ್ಚ್ ನಡುವಿನಲ್ಲಿ ಗದಗಿನ ಒಂದು ಮದುವೆಯಲ್ಲಿ ನನ್ನ ಪಕ್ಕದಲ್ಲಿ ಊಟಕ್ಕೆ ಕುಳಿತವರು ಕೆಮ್ಮುತ್ತಿದ್ದರೆಂಬುದು ನೆನಪಾಗಿ ಎರಡು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕೋವಿಡ್ ಸೋಂಕು ತಗಲಿದ ಮೇಲೆ ಲಕ್ಷಣ ಕಾಣಿಸಿಕೊಳ್ಳಲು 2ರಿಂದ 14 ದಿನಗಳು, ಹೆಚ್ಚಿನವರಲ್ಲಿ ಸುಮಾರು 5 ದಿನಗಳು ಬೇಕೆಂದು ಆಗಲೇ ತಿಳಿದಿತ್ತು. ಆದ್ದರಿಂದ ಮದುವೆಯ ದಿನಕ್ಕೆ ಹದಿನಾಲ್ಕು ಕೂಡಿಸಿ ಬಂದ ತಾರೀಖನ್ನು ಉದ್ರಿ ಪುಟದಲ್ಲಿ ಬರೆದೆ. ಆ ತಾರೀಖಿನವರೆಗೆ ಅವ್ವನ ಪಕ್ಕದಲ್ಲಿ ಕುಳಿತು ಉಣ್ಣುವುದಿಲ್ಲ, ಪಡಸಾಲೆಯಲ್ಲಿ ಮಲಗುತ್ತೇನೆ ಎಂಬುದನ್ನು ರೋಖ ಪುಟದಲ್ಲಿ ಬರೆದೆ. ಚಿಂತೆ ಹೋಗಲಿಲ್ಲ, ಆದರೆ ಅದು ಯಾವ ದಿನ ಮುಗಿಯುತ್ತದೆಂಬುದು ಗೊತ್ತಾಯಿತು.

ಮೊದಲ ದಿನಗಳಲ್ಲಿ ಜನರನ್ನು ಹೆಚ್ಚು ಕಂಗೆಡಿಸುವುದು ಬದಲಾಗುವ ಸಲಹೆ. ಆರೋಗ್ಯವಂತರಿಗೆ ಮಾಸ್ಕ್ ಬೇಕಿಲ್ಲವೆಂದು ಮೊದಲು ಹೇಳಿದರು. ಏಪ್ರಿಲ್ ಮೊದಲ ವಾರದಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಮನೆಯಲ್ಲಿಯೇ ಹೊಲಿದ ಬಟ್ಟೆಯ ಮಾಸ್ಕ್ ಹಾಕಿಕೊಳ್ಳಿರೆಂದಿತು. ವಿಶ್ವ ಆರೋಗ್ಯ ಸಂಸ್ಥೆ ತನ್ನ ಸಲಹೆಯನ್ನು ಬದಲಿಸಿದ್ದು ಜೂನ್ 5ರಂದು. ಇದನ್ನು ಕಂಡು "ಇವರಿಗೇ ಏನೂ ಗೊತ್ತಿಲ್ಲ" ಎಂದು ಎಲ್ಲವನ್ನೂ ಕೈಬಿಟ್ಟವರು ನಮ್ಮ ಓಣಿಯಲ್ಲಿಯೂ ಇದ್ದರು. ಅವರಿಗೆ ನಾನು ನಮ್ಮ ಭಾಗದ ಪ್ಲೇಗಿನ ಕಥೆಯನ್ನು ಹೇಳುತ್ತಿದ್ದೆ. 1898ರಲ್ಲಿ ಹುಬ್ಬಳ್ಳಿಯನ್ನು ಪ್ಲೇಗು ಬಹಳ ಕೆಟ್ಟದಾಗಿ ಹೊಡೆಯಿತು. ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುತ್ತದೆಂಬುದು ಆಗ ಜನರಿಗೂ ವೈದ್ಯರಿಗೂ ಖಾತ್ರಿಯಾಗಿರಲಿಲ್ಲ; ಆದರೂ ಮನೆಯಲ್ಲಿ ಇಲಿ ಸತ್ತು ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಬೇಕೆಂಬುದನ್ನು ಜನ ಕಲಿತಿದ್ದರು. ಬಾಂಬೆಯಲ್ಲಿ ಹಿಂದಿನ ವರ್ಷವಷ್ಟೇ ವಿಜ್ಞಾನಿ ಹಾಫ್ಕಿನ್ ಸಿದ್ಧಪಡಿಸಿದ್ದ ಲಸಿಕೆಯನ್ನು ಅದೇ 1898ರಲ್ಲಿ ಹುಬ್ಬಳ್ಳಿಯ ಸಾವಿರಾರು ಜನ ಹಾಕಿಸಿಕೊಂಡರು. ಕಾರಣ ಪೂರ್ತಿ ತಿಳಿಯುವ ಮೊದಲೇ ಮಾಡಬೇಕಾದ ಕೆಲಸ ತಿಳಿಯುವುದುಂಟು. ಹಾಗಾಗಿ ಪ್ರತಿಯೊಂದು ಸಲಹೆಯನ್ನೂ ವಹಿಯಲ್ಲಿ ಬರೆದುಕೊಳ್ಳುವಾಗ ಅದರ ತಾರೀಖನ್ನೂ ಬರೆಯಿರಿ. ಹೊಸದು ಬಂದಾಗ ಹಳೆಯದಕ್ಕೆ ಗೀಟು ಹಾಕಿ ಮುಂದುವರಿಯಿರಿ.

ಸುದ್ದಿಗೆ ದಿನಕ್ಕೆ ಎರಡು ಹೊತ್ತು ಸಾಕು. ಬೆಳಗಿನ ಪತ್ರಿಕೆ ಒಂದು, ಸಂಜೆಯ ಆರೋಗ್ಯ ಇಲಾಖೆಯ ಬುಲೆಟಿನ್ ಒಂದು. ಬುಲೆಟಿನ್ ಓದುವಾಗ ಒಟ್ಟು ಪ್ರಕರಣಗಳ ಸಂಖ್ಯೆಯನ್ನೇ ನೋಡಿ ಗಾಬರಿಯಾಗಬಾರದು, ಏಕೆಂದರೆ ಒಟ್ಟು ಎಂಬುದು ಎಂದೂ ಇಳಿಯುವುದಿಲ್ಲ. ಗುಣವಾದವರನ್ನೂ ತೀರಿಕೊಂಡವರನ್ನೂ ಕಳೆದು ಉಳಿಯುವ ಸಕ್ರಿಯ ಪ್ರಕರಣಗಳನ್ನೂ, ಅಂದು ಎಷ್ಟು ಪರೀಕ್ಷೆಗಳಾದವೆಂಬುದನ್ನೂ ಜೊತೆಗಿಟ್ಟು ಓದಬೇಕು. ವಾಟ್ಸಾಪಿನಲ್ಲಿ ಬಂದದ್ದನ್ನು ಒಂದು ರಾತ್ರಿ ಇಟ್ಟುಕೊಂಡು ಮರುದಿನ ಕಳಿಸುವ ನಿಯಮವನ್ನು ನಾನು ಪೆಟ್ಟು ತಿಂದು ಕಲಿತೆ. ಮಾರ್ಚ್ 22ರ ಜನತಾ ಕರ್ಫ್ಯೂ ಬೆಳಿಗ್ಗೆ ಏಳರಿಂದ ರಾತ್ರಿ ಒಂಬತ್ತರವರೆಗೆ, ಅಂದರೆ ಹದಿನಾಲ್ಕು ತಾಸು ಇತ್ತು; ವೈರಸ್ಸಿನ ಆಯುಷ್ಯ ಹನ್ನೆರಡೇ ತಾಸು, ಆದ್ದರಿಂದ ರಾತ್ರಿಯಾಗುವಷ್ಟರಲ್ಲಿ ಸರಪಳಿ ತುಂಡಾಗುತ್ತದೆಂಬ ಸಂದೇಶವನ್ನು ನಾನು ಬಂಧುಬಳಗದ ಗುಂಪಿಗೆಲ್ಲ ಕಳಿಸಿದೆ. ಹಾವೇರಿಯಲ್ಲಿ ಹೈಸ್ಕೂಲು ಓದುತ್ತಿದ್ದ ಅಕ್ಕನ ಮಗ, "ಮಾಮಾ, ವೈರಸ್ ರಸ್ತೆದಾಗ ಅಡ್ಡಾಡತೈತೇನು, ಮಂದಿ ಮೈಯಾಗ ಇರತೈತಿ?" ಎಂದು ಕೇಳಿದ. ಸೋಂಕಿತನ ದೇಹದಲ್ಲಿ ಅದು ದಿನಗಟ್ಟಲೆ ಇರುತ್ತದೆಂಬ ಮೇಲೆ ಹದಿನಾಲ್ಕು ತಾಸಿನ ಲೆಕ್ಕಕ್ಕೆ ಅರ್ಥವೇ ಇರಲಿಲ್ಲ. ರಾತ್ರಿ ಹೆಲಿಕಾಪ್ಟರ್‌ನಿಂದ ಔಷಧ ಸಿಂಪಡಿಸುತ್ತಾರೆ, ಒಣಹಾಕಿದ ಅರಿವೆ ಒಳಗೆ ತೆಗೆಯಿರಿ ಎಂಬ ಸಂದೇಶ ಬಂದಾಗ ನಾನು ಅದನ್ನು ಕಳಿಸಲಿಲ್ಲ. ಆದರೆ ಅರಿವೆಯನ್ನು ಮಾತ್ರ ಒಳಗೆ ತೆಗೆದೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ದೇಹದ ಮೇಲಿನ ಅನುಮಾನ ಎಲ್ಲಕ್ಕಿಂತ ದಣಿಸುವಂಥದು. ಮಾರ್ಚ್ ತಿಂಗಳಲ್ಲಿ ಧಾರವಾಡದ ಧೂಳಿಗೆ ಪ್ರತಿ ವರ್ಷ ಗಂಟಲು ಕೆರೆಯುತ್ತದೆ, ಬೆಳಿಗ್ಗೆ ಸೀನು ಬರುತ್ತದೆ. ಆ ವರ್ಷ ಮಾತ್ರ ಅದು ಸಾವಿನ ಸೂಚನೆಯಂತೆ ಕಾಣಿಸಿತು. ಹಾಗಾಗಿ ವಹಿಯ ಒಂದು ಪುಟದಲ್ಲಿ ಮನೆಯ ಪ್ರತಿಯೊಬ್ಬರಿಗೂ ಪ್ರತಿ ವರ್ಷ ಈ ಕಾಲಕ್ಕೆ ಏನೇನು ಆಗುತ್ತದೆಂಬುದನ್ನು ಮೊದಲು ಬರೆದಿಡಿ; ಹೊಸದಾಗಿ ಬಂದ ಲಕ್ಷಣ ಯಾವುದೆಂಬುದು ಅದರಿಂದ ತಿಳಿಯುತ್ತದೆ. ಜ್ವರವನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮಾತ್ರ ನೋಡಬೇಕು. ನಾನು ಒಂದೇ ದಿನ ಹನ್ನೊಂದು ಸಲ ನೋಡಿ, ಬಿಸಿ ಚಹಾ ಕುಡಿದ ಕೂಡಲೇ 99.4 ಕಂಡು, ಬ್ಯಾಗು ತುಂಬಿಟ್ಟುಕೊಂಡಿದ್ದೆ. ಥರ್ಮಾಮೀಟರನ್ನು ಬಾಯಲ್ಲಿಡುವುದಾದರೆ ಚಹಾ ಅಥವಾ ನೀರು ಕುಡಿದು ಅರ್ಧ ತಾಸಾಗಿರಬೇಕು, 100.4 ಫ್ಯಾರನ್‌ಹೀಟ್ ಮುಟ್ಟಿದರೆ ಅದನ್ನು ಜ್ವರವೆನ್ನುತ್ತಾರೆ. ಉಸಿರು ಕಟ್ಟಿದಂತಾಗುವುದು ಹೆದರಿಕೆಯಿಂದಲೂ ಆಗುತ್ತದೆ, ರೋಗದಿಂದಲೂ ಆಗುತ್ತದೆ. ಇಲ್ಲಿ ಎಣಿಕೆ ನೆರವಿಗೆ ಬರುತ್ತದೆ, ಆದರೆ ತಮ್ಮ ಉಸಿರನ್ನು ತಾವೇ ಎಣಿಸಿದರೆ ಲಯ ತಪ್ಪುತ್ತದೆ. ನೀವು ಸುಮ್ಮನೆ ಕುಳಿತು ಪತ್ರಿಕೆ ಓದುತ್ತಿರುವಾಗ, ನಿಮಗೆ ಹೇಳದೆ, ಮನೆಯವರೊಬ್ಬರು ಹೊಟ್ಟೆಯ ಏರಿಳಿತ ನೋಡಿ ಪೂರ್ತಿ ಒಂದು ನಿಮಿಷ ಎಣಿಸಲಿ. ದೊಡ್ಡವರಲ್ಲಿ 12ರಿಂದ 20 ಸಹಜ. 24 ಅಥವಾ ಅದಕ್ಕಿಂತ ಹೆಚ್ಚಾದರೆ ವೈದ್ಯರಿಗೆ ಹೇಳಬೇಕು. ರಕ್ತದಲ್ಲಿನ ಆಮ್ಲಜನಕವನ್ನು ಅಳೆಯುವ ಆಕ್ಸಿಮೀಟರ್ ಇದ್ದರೆ ಐದು ನಿಮಿಷ ಕುಳಿತು, ಕೈ ಬೆಚ್ಚಗಿರುವಾಗ, ಮೆಹಂದಿಯಾಗಲಿ ಉಗುರು ಬಣ್ಣವಾಗಲಿ ಇಲ್ಲದ ಬೆರಳಿಗೆ ಹಾಕಬೇಕು. ಶೇಕಡಾ 94ಕ್ಕಿಂತ ಕೆಳಗೆ ನಿಂತರೆ ಕಾಯುವ ಮಾತಿಲ್ಲ. ಎದೆ ನೋವು, ತುಟಿ ನೀಲಿಗಟ್ಟುವುದು, ವಯಸ್ಸಾದವರು ಏಕಾಏಕಿ ಗೊಂದಲದ ಮಾತಾಡುವುದು ಇವೆಲ್ಲ ಅದೇ ಲೆಕ್ಕಕ್ಕೆ ಸೇರುತ್ತವೆ. ಇಂಥವನ್ನು ವಹಿಯಲ್ಲಿ ಬರೆಯುತ್ತ ಕೂರಬೇಡಿ, ಆಸ್ಪತ್ರೆಗೆ ಹೊರಡಿರಿ. ಯಾವ ಆಸ್ಪತ್ರೆಗೆ, ಯಾರ ಗಾಡಿಯಲ್ಲಿ ಎಂಬುದನ್ನು ಮಾತ್ರ ಮೊದಲ ದಿನವೇ ಬರೆದಿಟ್ಟಿರಬೇಕು.

ಅಡುಗೆಮನೆಯ ದಾಸ್ತಾನನ್ನು ಕಿಲೋಗಳಲ್ಲಿ ಎಣಿಸದೆ ದಿನಗಳಲ್ಲಿ ಎಣಿಸಿರಿ. ಐದು ಕಿಲೋ ಬ್ಯಾಳಿ ಎಂದರೆ ಅದು ಸಾಕೋ ಸಾಲದೋ ಎಂದು ಮನಸ್ಸು ಚಡಪಡಿಸುತ್ತದೆ. ಇಪ್ಪತ್ತು ದಿನದ ಬ್ಯಾಳಿ ಎಂದರೆ ಸುಮ್ಮನಾಗುತ್ತದೆ. ನಮ್ಮ ಮನೆಯ ನಾಲ್ಕು ಜನಕ್ಕೆ ದಿನಕ್ಕೆ ಸುಮಾರು ಒಂದು ಕಿಲೋ ಜೋಳದ ಹಿಟ್ಟು. ಗಿರಣಿ ಮುಚ್ಚೀತೆಂಬ ಭಯಕ್ಕೆ ಪಕ್ಕದ ಮನೆಯ ವೈನಿ ಇಪ್ಪತ್ತು ಕಿಲೋ ಜೋಳವನ್ನು ಒಮ್ಮೆಲೇ ಬೀಸಿಸಿ ತಂದರು. ಜೋಳದ ಹಿಟ್ಟು ಹಳತಾದಂತೆ ಜಿಗಿ ಕಳೆದುಕೊಳ್ಳುತ್ತದೆ. ಎರಡನೆಯ ವಾರದಿಂದ ಅವರ ರೊಟ್ಟಿ ಬಡಿಯುವಾಗಲೇ ಅಂಚಿನಿಂದ ಹರಿಯತೊಡಗಿ, ಉಳಿದ ಹಿಟ್ಟನ್ನು ಅಂಬಲಿಗೆ ಬಳಸಬೇಕಾಯಿತು. ಅವ್ವ ನಾಲ್ಕು ದಿನದ ಹಿಟ್ಟು ಮಾತ್ರ ಇಟ್ಟು, ತಾಜಾ ಹಿಟ್ಟಿನಲ್ಲಿ ಒಂದು ಡಬ್ಬಿ ಕಟಕ ರೊಟ್ಟಿ ಮಾಡಿಟ್ಟಳು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಗಳ ಜೊತೆ ಅದು ವಾರಗಟ್ಟಲೆ ಕೆಡದೆ ಇರುತ್ತದೆ. ಕಾಯಿಪಲ್ಲೆಯನ್ನು ಸಾಬೂನಿನಿಂದ ತೊಳೆಯುವುದು ತಪ್ಪು, ಹರಿಯುವ ನೀರು ಸಾಕು. ಸಾಬೂನು ನಿಮ್ಮ ಕೈಗೆ, ಇಪ್ಪತ್ತು ಸೆಕೆಂಡು. ಈ ವೈರಸ್ಸಿನ ಮೇಲೆ ಕೊಬ್ಬಿನ ಪೊರೆಯಿದೆ, ಸಾಬೂನು ಅದನ್ನು ಒಡೆಯುತ್ತದೆ, ಜಿಡ್ಡಿನ ಪಾತ್ರೆಯನ್ನು ಬೆಳಗಿದ ಹಾಗೆ. ಎಲ್ಲಕ್ಕಿಂತ ಮೊದಲು ಬಿ.ಪಿ., ಶುಗರ್ ಗುಳಿಗೆಗಳು ಒಂದು ತಿಂಗಳಿಗಾಗುವಷ್ಟು ಮನೆಯಲ್ಲಿರಬೇಕು. ಜನ ಸಕ್ಕರೆಗೆ ಸಾಲು ಹಚ್ಚುತ್ತಾರೆ, ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಮರೆಯುತ್ತಾರೆ.

ಇಷ್ಟೆಲ್ಲ ತಿಂಗಳ ಪಗಾರ ಬರುವವರಿಗೆ ಹೇಳಿದ ಮಾತು. ಅಮರಗೋಳದ ಎ.ಪಿ.ಎಂ.ಸಿ.ಯ ಹಮಾಲರಿಗೆ, ಬೆಟಗೇರಿಯ ನೇಕಾರರಿಗೆ ಮೊದಲ ಚಿಂತೆ ವೈರಸ್ಸಿನದಾಗಿರಲಿಲ್ಲ, ನಾಳೆಯ ಕೂಲಿಯದಾಗಿತ್ತು. ಅಂಥ ಚಿಂತೆಗೆ ದೀರ್ಘವಾಗಿ ಉಸಿರಾಡಿರೆಂದು ಉಪದೇಶಿಸುವುದು ಅವಮಾನ ಮಾಡಿದಂತೆ. ಅಲ್ಲಿ ಬೇಕಾದದ್ದು ಹಕ್ಕಿನ ಮಾಹಿತಿ. 2020ರ ಮಾರ್ಚ್ 26ರಂದು, ಆಹಾರ ಭದ್ರತಾ ಕಾಯ್ದೆಯಡಿ ಬರುವ ಪಡಿತರ ಚೀಟಿಯ ಪ್ರತಿಯೊಬ್ಬ ಸದಸ್ಯನಿಗೆ ಮೂರು ತಿಂಗಳವರೆಗೆ ತಿಂಗಳಿಗೆ 5 ಕಿಲೋ ಹೆಚ್ಚುವರಿ ಧಾನ್ಯ, ಕುಟುಂಬಕ್ಕೆ 1 ಕಿಲೋ ಬೇಳೆ ಉಚಿತವೆಂದು ಕೇಂದ್ರ ಸರ್ಕಾರ ಘೋಷಿಸಿತು. ನ್ಯಾಯಬೆಲೆ ಅಂಗಡಿಗೆ ಅದು ಯಾವ ದಿನ ಬರುತ್ತದೆಂಬುದನ್ನು ವಿಚಾರಿಸಿ ಓಣಿಯವರಿಗೆ ಹೇಳುವುದು ಫೋನಿರುವ ಯಾರಾದರೂ ಮಾಡಬಹುದಾದ ಕೆಲಸ. ಮರುದಿನ ರಿಸರ್ವ್ ಬ್ಯಾಂಕು ಸಾಲದ ಕಂತುಗಳನ್ನು ಮೂರು ತಿಂಗಳು ಮುಂದೂಡಲು ಬ್ಯಾಂಕುಗಳಿಗೆ ಅನುಮತಿ ಕೊಟ್ಟಿತು. ಅದನ್ನು ಸಾಲ ಮನ್ನಾ ಎಂದು ತಿಳಿದವರು ಬಹಳ. ಬಡ್ಡಿ ಬೆಳೆಯುತ್ತಲೇ ಇತ್ತು. ಕಟ್ಟಲು ಶಕ್ತಿಯಿದ್ದವರು ಕಟ್ಟುವುದೇ ಲೇಸೆಂದು ನಾನು ಆಗಲೂ ಹೇಳಿದೆ, ಈಗಲೂ ಹೇಳುತ್ತೇನೆ.

ದೂರದ ಊರಿನಲ್ಲಿ ಮಕ್ಕಳಿರುವವರು ಫೋನಿಗೆ ಒಂದು ಹೊತ್ತು ಗೊತ್ತುಮಾಡಿಕೊಳ್ಳಬೇಕು. ಆಗ ಯಾರಿಗೆ ಫೋನು ಹಚ್ಚಿದರೂ ಮೊದಲು ಕೆಮ್ಮಿನ ಸದ್ದು, ಆಮೇಲೆ ಕೊರೊನಾ ಎಚ್ಚರಿಕೆ ಕೇಳಿಸುತ್ತಿತ್ತು. ಆ ಕೆಮ್ಮು ತಮ್ಮ ಮಗನದೇ ಎಂದು ಗಾಬರಿಯಾದ ಒಬ್ಬ ಅಜ್ಜನನ್ನು ನಾನು ಬಲ್ಲೆ. ಹೊತ್ತಲ್ಲದ ಹೊತ್ತಿನಲ್ಲಿ ಫೋನು ಮಾಡಲೇಬೇಕಾದರೆ ಬಾಯಿಂದ ಬರುವ ಮೊದಲ ಮಾತು "ಆರಾಮ ಅದೀವಿ" ಎಂದಿರಲಿ, ವಿಷಯ ಆಮೇಲೆ. ಮಕ್ಕಳಿಗೆ ಕೇಳಿದಷ್ಟಕ್ಕೆ ನಿಜವಾದ ಉತ್ತರ ಕೊಡಿ, ಕೇಳದ್ದನ್ನು ಹೇಳಬೇಡಿ. ಯಾರದಾದರೂ ಕೈಮೇಲೆ ಕ್ವಾರಂಟೈನ್ ಮುದ್ರೆ ಬಿದ್ದಿದ್ದರೆ ಅವರ ಮನೆಯ ಮುಂದೆ ನಿಂತು ಮಾತಾಡಿಕೊಳ್ಳಬೇಡಿ. ಬಾಗಿಲ ಕಟ್ಟೆಯ ಮೇಲೆ ಹಾಲಿನ ಪಾಕೀಟು ಇಟ್ಟು, ದೂರ ಸರಿದು, ಫೋನು ಮಾಡಿ ತಿಳಿಸಿ. ಬುಲೆಟಿನ್ನಿನಲ್ಲಿ ಬಂದ ರೋಗಿಯ ಸಂಖ್ಯೆಯನ್ನು ಹಿಡಿದು ಅದು ಯಾರೆಂದು ಪತ್ತೆಹಚ್ಚುವ ಕೆಲಸಕ್ಕೆ ನಮ್ಮ ಊರಿನ ಎಷ್ಟೋ ಬುದ್ಧಿವಂತರು ತಮ್ಮ ಸಂಜೆಗಳನ್ನು ವ್ಯಯಿಸಿದರು. ಇಂಥ ಓಣಿಯಲ್ಲಿ ಜ್ವರ ಬಂದವನು ಅದನ್ನು ಮುಚ್ಚಿಡುತ್ತಾನೆ, ಆಗ ಅಪಾಯ ಎಲ್ಲರ ಮನೆಗೂ ಬರುತ್ತದೆ.

ರಾತ್ರಿಗೆ ಒಂದೇ ನಿಯಮ: ಫೋನು ಅಡುಗೆಮನೆಯಲ್ಲಿ ಮಲಗಬೇಕು, ವಹಿ ಮತ್ತು ಪೆನ್ಸಿಲ್ಲು ತಲೆದಿಂಬಿನ ಬಳಿ ಇರಬೇಕು. ಎಚ್ಚರವಾದಾಗ ಬಂದ ಚಿಂತೆಯನ್ನು ದೀಪ ಹಚ್ಚದೆ, ವಕ್ರವಾಗಿಯಾದರೂ ಬರೆದು, ರೋಖವೋ ಉದ್ರಿಯೋ ಎಂಬುದನ್ನು ಬೆಳಿಗ್ಗೆ ನೋಡಿಕೊಳ್ಳಿ. ಉಸಿರು ಒಳಗೆ ತೆಗೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡುತ್ತ ಹೋದರೆ ಎದೆಬಡಿತ ಇಳಿಯುತ್ತದೆ. ಎರಡು ವಾರವಾದರೂ ನಿದ್ದೆ ಬರದೆ, ಊಟ ಸೇರದೆ, ಕೆಲಸಕ್ಕೆ ಕೈ ಹೋಗದೆ ಇದ್ದರೆ ಅದು ವಹಿಯಿಂದ ತೀರುವ ಲೆಕ್ಕವಲ್ಲ. ಧಾರವಾಡದಲ್ಲಿಯೇ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆ, ನಾವೆಲ್ಲ ಡಿಮ್ಹಾನ್ಸ್ ಎನ್ನುವುದು, ಇದೆ. 2022ರಿಂದ ಟೆಲಿ-ಮಾನಸ್ ಸಹಾಯವಾಣಿ 14416 ಕೂಡ ಇದೆ, ಕನ್ನಡದಲ್ಲಿಯೇ ಮಾತಾಡಬಹುದು. ಸಾಯಬೇಕೆಂಬ ವಿಚಾರ ಬಂದರೆ ಎರಡು ವಾರ ಕಾಯಬಾರದು, ಆ ಕ್ಷಣವೇ ಮನೆಯವರನ್ನು ಎಬ್ಬಿಸಬೇಕು.

ವಾರಕ್ಕೊಮ್ಮೆ, ನಾವು ಭಾನುವಾರ ಮಾಡುತ್ತಿದ್ದೆವು, ಉದ್ರಿ ಪುಟವನ್ನು ಎಲ್ಲರೂ ಕುಳಿತು ಓದಿರಿ. ತಾರೀಖು ದಾಟಿದ್ದಕ್ಕೆ ಗೀಟು ಹಾಕಿ, ದಾಟಿಯೂ ತೀರದ್ದಕ್ಕೆ ಹೊಸ ತಾರೀಖು ಕೊಡಿ. ಏಪ್ರಿಲ್ 14ಕ್ಕೆ ಮುಗಿಯಬೇಕಾದ ಲಾಕ್‌ಡೌನ್ ಮೇ 3ಕ್ಕೆ ಹೋದಾಗ ನಮ್ಮ ವಹಿಯಲ್ಲಿ ಒಂದೇ ದಿನ ಒಂಬತ್ತು ತಾರೀಖುಗಳನ್ನು ತಿದ್ದಬೇಕಾಯಿತು. ತಿದ್ದಿ ಮುಗಿಯುವಷ್ಟರಲ್ಲಿ ಅವ್ವ ರೋಖ ಪುಟಕ್ಕೆ ಒಂದು ಸಾಲು ಸೇರಿಸಲು ಹೇಳಿದಳು: ಗಿರಣಿ, ನಾಳೆ ಬೆಳಿಗ್ಗೆ ಏಳಕ್ಕೆ, ನಾಲ್ಕು ಕಿಲೋ.