ಒಬ್ಬಳೇ ಕೂಡಿಸಿದ ಘಟ

ಬಾಗಲಕೋಟೆ ಕಡೆಯ ನಮ್ಮ ಊರಲ್ಲಿ ನವರಾತ್ರಿ ಎಂದರೆ ಗೊಂಬೆ ಅಲ್ಲ, ಘಟ. ಮಹಾಲಯ ಅಮಾವಾಸ್ಯೆಯ ಮರುದಿನ ಹೊಲದ ಮಣ್ಣು ತಂದು ದೇವರ ಕೋಣೆಯಲ್ಲಿ ಹರವಿ ಕಾಳು ಬಿತ್ತುತ್ತಾರೆ. ನಡುವೆ ನೀರು ತುಂಬಿದ ಗಡಿಗೆ, ಅದರ ಬಾಯಿಗೆ ವೀಳ್ಯದೆಲೆ, ಮೇಲೊಂದು ತೆಂಗಿನಕಾಯಿ. ಪಕ್ಕದಲ್ಲಿ ನಂದಾದೀಪ, ಒಂಬತ್ತು ದಿನವೂ ಆರುವಂತಿಲ್ಲ. ನಸುಕಿನಲ್ಲೇ ಹೆಂಗಸರು ಬನ್ನಿ ಗಿಡಕ್ಕೆ ನೀರು ಹಾಕಿ ಸುತ್ತು ಬರುತ್ತಾರೆ. ರಾತ್ರಿ ಗುಡಿಯಲ್ಲಿ ಚಿದಾನಂದಾವಧೂತರ ದೇವಿ ಪುರಾಣ. ಒಬ್ಬರು ಷಟ್ಪದಿ ಹಾಡಿ ಓದಿದರೆ ಇನ್ನೊಬ್ಬರು ಅರ್ಥ ಹೇಳುತ್ತಾರೆ.

ಇದಕ್ಕೆಲ್ಲ ಮನೆ ತುಂಬ ಜನ ಬೇಕು. ನಾನು ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಒಬ್ಬಳೇ ಇರುವವಳು. ಬೆಳಿಗ್ಗೆ ಬೀಗ ಹಾಕಿದರೆ ತೆಗೆಯುವುದು ರಾತ್ರಿಯೇ. ಕೆಲವು ವರ್ಷ ಹಬ್ಬವನ್ನೇ ಬಿಟ್ಟಿದ್ದೆ. ಮತ್ತೆ ಶುರು ಮಾಡುವಾಗ ಒಂದು ಲೆಕ್ಕ ಹಾಕಿದೆ. ಜನ ಬೇಕಾಗುವುದನ್ನೆಲ್ಲ ಬಿಡಬೇಕು. ಒಬ್ಬಳಿಂದ ಆಗುವಷ್ಟನ್ನು ಸರಿಯಾಗಿ ಮಾಡಬೇಕು.

ಮೊದಲು ಬಿಟ್ಟಿದ್ದು ನಂದಾದೀಪ. ಅವ್ವ ಬೇಜಾರಾಗುತ್ತಾಳೆ ಅಂದುಕೊಂಡು ಅಳುಕುತ್ತಲೇ ಫೋನಲ್ಲಿ ಹೇಳಿದೆ. ಅವಳು, "ದೀಪಾ ಹಚ್ಚಿಟ್ಟು ಕೀಲಿ ಹಾಕ್ಕೊಂಡು ಹೋಗಬ್ಯಾಡ. ಮನಿ ಸುಟ್ಟರ ದೇವಿ ಎಲ್ಲಿ ಕೂಡಬೇಕು?" ಅಂದಳು. ಅಲ್ಲಿಗೆ ಮುಗಿಯಿತು. ಈಗ ನಾನು ಕೂತಷ್ಟು ಹೊತ್ತು ದೀಪ ಉರಿಯುತ್ತದೆ, ಏಳುವಾಗ ಶಾಂತ ಮಾಡುತ್ತೇನೆ. ಉಪವಾಸವನ್ನೂ ಬಿಟ್ಟೆ. ಖಾಲಿ ಹೊಟ್ಟೆಯಲ್ಲಿ ನನಗೆ ತಲೆನೋವು ಬರುತ್ತದೆ, ಆಮೇಲೆ ದೇವಿಯೂ ಬೇಡ, ಯಾರೂ ಬೇಡ. ದಿನಕ್ಕೊಂದು ಬಣ್ಣದ ಸೀರೆ ಅಂತ ವಾಟ್ಸಾಪಲ್ಲಿ ಪಟ್ಟಿ ಬರುತ್ತದಲ್ಲ, ಅದನ್ನು ಹಿಡಿಯಲೇ ಇಲ್ಲ. ಆಫೀಸಿನಲ್ಲಿ ಫೋಟೋಗೆ ಚೆನ್ನಾಗಿರುತ್ತದೆ, ಅಷ್ಟೇ.

ಮಣ್ಣನ್ನು ಮಾತ್ರ ಬಿಡಲಿಲ್ಲ. ಊರಿನ ಎರೆಮಣ್ಣನ್ನೇ ಒಂದು ಚೀಲದಲ್ಲಿ ತಂದಿಟ್ಟುಕೊಂಡಿದ್ದೇನೆ. ಎರೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ಒಂದಿಷ್ಟು ಮರಳು ಬೆರೆಸಿ ತಳಕ್ಕೆ ತೂತಿರುವ ಅಗಲವಾದ ಕುಂಡದಲ್ಲಿ ಹಾಕುತ್ತೇನೆ. ಗೋಧಿ, ಜೋಳ, ಹೆಸರು, ಕಡಲೆ, ಹುರುಳಿಯನ್ನು ಅಮಾವಾಸ್ಯೆ ರಾತ್ರಿಯೇ ನೆನೆಹಾಕಿ ಬೆಳಿಗ್ಗೆ ಬಿತ್ತುತ್ತೇನೆ. ಮೇಲೆ ತೆಳ್ಳಗೆ ಮಣ್ಣು. ನೀರನ್ನು ಕೈಯಿಂದ ಚಿಮುಕಿಸಬೇಕು, ಸುರಿದರೆ ಕಾಳು ಮುಗ್ಗುತ್ತದೆ.

ಮೊದಲು ಏಳುವುದು ಹೆಸರು. ಸುಮ್ನೆ ಏಳುವುದಿಲ್ಲ, ಮೇಲಿನ ಮಣ್ಣಿನ ಹೆಂಟೆಯನ್ನೂ ತಲೆ ಮೇಲೆ ಹೊತ್ತುಕೊಂಡೇ ಬರುತ್ತದೆ. ಗೋಧಿ ಸೂಜಿಯ ಹಾಗೆ ನೆಟ್ಟಗೆ ತೂರಿಕೊಂಡು ಬರುತ್ತದೆ. ಊರಿನ ದೇವರ ಕೋಣೆ ಕತ್ತಲೆ, ಅಲ್ಲಿ ಸಸಿ ಹಳದಿಯಾಗಿ ಉದ್ದಕ್ಕೆ ಬೆಳೆಯುತ್ತದೆ. ನನ್ನದು ಕಿಟಕಿ ಪಕ್ಕ ಇರುವುದರಿಂದ ಹಸಿರಾಗಿ, ಗಿಡ್ಡಾಗಿ ಬಂದು ಬೆಳಕಿನ ಕಡೆ ವಾಲುತ್ತದೆ. ಒಮ್ಮೆ ಕೂಡಿಸಿದ ಘಟವನ್ನು ಕದಲಿಸಬಾರದು ಎನ್ನುತ್ತಾಳೆ ಅವ್ವ. ವಾಲಿದರೆ ವಾಲಲಿ ಅಂತ ಬಿಟ್ಟಿದ್ದೇನೆ. ದಿನಾ ಬೆಳಿಗ್ಗೆ ಫೋನ್ ಮುಟ್ಟುವ ಮೊದಲು ಹತ್ತು ನಿಮಿಷ ಇದನ್ನೇ ನೋಡುತ್ತಾ ಕೂರುತ್ತೇನೆ. ಧ್ಯಾನ ಎಂದರೆ ನನಗೆ ತಿಳಿದದ್ದು ಇಷ್ಟೇ.

ಸಂಜೆಯ ಓದಿಗೆ ನಮ್ಮ ದೇವಿ ಪುರಾಣವನ್ನೇ ಹಿಡಿದು ನೋಡಿದೆ, ಹೊಂದಲಿಲ್ಲ. ಭಾಮಿನಿ ಷಟ್ಪದಿಗೆ ಎದುರಿಗೆ ಕೇಳುವವರು ಬೇಕು. ಒಬ್ಬಳೇ ಗೋಡೆ ನೋಡಿಕೊಂಡು ಹಾಡಿದರೆ ರಾಗವೇ ಏಳುವುದಿಲ್ಲ. ಆಮೇಲೆ ಕನ್ನಡ ಅರ್ಥ ಇರುವ ದುರ್ಗಾ ಸಪ್ತಶತಿ ತಂದೆ. ಮಾರ್ಕಂಡೇಯ ಪುರಾಣದ ಭಾಗ ಅದು, 13 ಅಧ್ಯಾಯ, 700 ಮಂತ್ರ. ಮೊದಲು ಹೇಳುವ ಕವಚ, ಅರ್ಗಲ, ಕೀಲಕ ಸ್ತೋತ್ರಗಳು, ನವಾಕ್ಷರಿ ಮಂತ್ರದ ಜಪ ಎಲ್ಲ ಸೇರಿಸಿ ಮಾಡುವ ಪಾರಾಯಣಕ್ಕೆ ಕಲಿಸುವವರು ಬೇಕು, ಆ ಗೋಜಿಗೆ ನಾನು ಹೋಗಲಿಲ್ಲ. ಕಥೆಯಾಗಿ ಓದುತ್ತೇನೆ. ಒಂಬತ್ತು ಸಂಜೆಗೆ ಆರಾಮಾಗಿ ಆಗುತ್ತದೆ.

ಮಹಿಷಾಸುರನ ಭಾಗ ಬೇಗ ಸಾಗುತ್ತದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮೊದಲ ಅಧ್ಯಾಯ. ರಾಜ್ಯ ಕಳಕೊಂಡ ಸುರಥ, ಹೆಂಡತಿ ಮಕ್ಕಳೇ ಹಣದಾಸೆಗೆ ಹೊರಗೆ ಹಾಕಿದ ವ್ಯಾಪಾರಿ ಸಮಾಧಿ. ಇಬ್ಬರೂ ಕಾಡಿನಲ್ಲಿ ಮೇಧಸ ಋಷಿಯ ಆಶ್ರಮ ಸೇರಿದ್ದಾರೆ. ಸುರಥನಿಗೆ ತನ್ನ ಆನೆಯದೇ ಚಿಂತೆ, ವೈರಿಗಳ ಕೈಲಿ ಅದರ ಗತಿ ಏನೋ ಅಂತ. ಸಮಾಧಿಗೆ ತನ್ನನ್ನು ಓಡಿಸಿದವರದೇ ನೆನಪು. ಇವರಿಗಾಗಿಯೇ ಋಷಿ ದೇವಿಯ ಕಥೆ ಹೇಳುವುದು. ಕೊನೆಯ ಅಧ್ಯಾಯದಲ್ಲಿ ಇಬ್ಬರೂ ನದೀತೀರಕ್ಕೆ ಹೋಗಿ ಅಲ್ಲಿನ ಮಣ್ಣಿನಲ್ಲೇ ಮೂರ್ತಿ ಮಾಡಿ ಮೂರು ವರ್ಷ ಪೂಜಿಸುತ್ತಾರೆ. ದೇವಿ ಒಲಿದಾಗ ಒಬ್ಬ ರಾಜ್ಯ ಕೇಳುತ್ತಾನೆ, ಇನ್ನೊಬ್ಬ ಜ್ಞಾನ. ಇಬ್ಬರಿಗೂ ಸಿಗುತ್ತದೆ. ಮನೆ ಇಲ್ಲ, ಅಡುಗೆಮನೆ ಇಲ್ಲ, ಮಡಿ ನೋಡುವ ಹಿರಿಯರಿಲ್ಲ. ಮನೆ ಬಿಟ್ಟು ಬಂದ ಇಬ್ಬರು ಮತ್ತು ಒಂದಿಷ್ಟು ಮಣ್ಣು. ಅಲ್ಲಿ ತನಕ ನನ್ನದು ಊರಿನ ಹಬ್ಬದ ಅರೆಬರೆ ನಕಲು ಅನ್ನಿಸುತ್ತಿತ್ತು. ಅದನ್ನು ಓದಿದ ಮೇಲೆ ಆ ಕೀಳರಿಮೆ ಹೋಯಿತು.

ಐದನೇ ಅಧ್ಯಾಯದ "ಯಾ ದೇವೀ ಸರ್ವಭೂತೇಷು" ಎಲ್ಲರಿಗೂ ಗೊತ್ತು. ದೇವಿ ಬುದ್ಧಿ, ಶಕ್ತಿ, ದಯೆಯಾಗಿ ಮಾತ್ರ ಅಲ್ಲ, ನಿದ್ದೆ, ಹಸಿವು, ಬಾಯಾರಿಕೆ, ನಾಚಿಕೆ, ಕಡೆಗೆ ಭ್ರಾಂತಿಯಾಗಿಯೂ ಇದ್ದಾಳೆ ಎನ್ನುತ್ತದೆ ಅದು. ದಿನಕ್ಕೊಂದನ್ನು ಆರಿಸಿಕೊಳ್ಳುತ್ತೇನೆ. ಹಸಿವಿನ ದಿನ ಮಧ್ಯಾಹ್ನ ಡಬ್ಬಿ ತೆಗೆಯುವ ಮೊದಲು ಸ್ವಲ್ಪ ಹೊತ್ತು ಸುಮ್ಮನಿರುತ್ತೇನೆ. ಹಸಿವು ಎಲ್ಲಿ ಏಳುತ್ತದೆ, ಹೇಗೆ ಸಿಟ್ಟಾಗಿ ತಿರುಗುತ್ತದೆ ಅಂತ ನೋಡುತ್ತೇನೆ. ನನ್ನ ಉಪವಾಸ ಇದೇ. ನಿದ್ದೆಯ ದಿನ ಬೇಗ ಮಲಗುವುದೇ ಪೂಜೆ. ಭ್ರಾಂತಿಯ ದಿನಕ್ಕೆ ಬೇರೆ ತಯಾರಿ ಬೇಡ, ಆಫೀಸಿನ ಮೀಟಿಂಗು ಸಾಕು. ನಾಚಿಕೆಯದು ಮಾತ್ರ ಕಷ್ಟ. ಬೇಡದ ಹಳೇ ನೆನಪುಗಳೆಲ್ಲ ಅವತ್ತೇ ಬರುತ್ತವೆ.

ದಶಮಿಯಂದು ಸಸಿ ಕಿತ್ತು ಒಂದೆರಡನ್ನು ಮುಡಿಯುತ್ತೇನೆ, ಮಣ್ಣು ಬಿಸಿಲಲ್ಲಿ ಒಣಗಿ ಮತ್ತೆ ಚೀಲಕ್ಕೆ. ಹೂವಿನ ಅಂಗಡಿಯಲ್ಲಿ ಬನ್ನಿ ಸೊಪ್ಪು ಸಿಗುತ್ತದೆ. ಪಕ್ಕದ ಮನೆಯ ಆಂಟಿಗೆ ಕೊಟ್ಟು "ಬನ್ನಿ ತಗೊಂಡು ಬಂಗಾರದಂಗ ಇರೂಣ" ಅಂದರೆ ಅವರಿಗೆ ನಗು. ಮೈಸೂರು ಕಡೆಯವರು, ಬದಲಿಗೆ ಗೊಂಬೆ ಬಾಗಿನದ ಚಕ್ಕುಲಿ ಕೊಡುತ್ತಾರೆ.

ಈ ಸಲ ನವರಾತ್ರಿಗೆ ಅವ್ವ ಬರುತ್ತೇನೆ ಎಂದಿದ್ದಾಳೆ. ಮನೆಯಲ್ಲಿ ಒಬ್ಬರು ಇರುವುದರಿಂದ ನಂದಾದೀಪ ಇಡಬಹುದು. ಷಟ್ಪದಿಯನ್ನೂ ಹೊರಗೆ ತೆಗೆಯಬೇಕು, ಹ್ಞೂಂ ಅನ್ನಲು ಎದುರಿಗೆ ಜನ ಇರುತ್ತದಲ್ಲ. ನನ್ನ ಡಬ್ಬಿ ವಿಷಯಕ್ಕೆ ಜಗಳ ಆಗುವುದು ಮಾತ್ರ ಗ್ಯಾರಂಟಿ.