ಆ ಅಗ್ನಿಶಾಮಕ ವಾಹನ ಹೋದ ದಾರಿ

ಇಂಡಿಯಾನಾಪೊಲಿಸ್ ನಗರದ ಅಂಚಿನ ಬಡಾವಣೆಯೊಂದರಲ್ಲಿ ಆರು ವರ್ಷಗಳಿಂದ ಶನಿವಾರ ಬೆಳಿಗ್ಗೆ ಮಕ್ಕಳಿಗೆ ಬ್ಯಾಸ್ಕೆಟ್‌ಬಾಲ್ ಹೇಳಿಕೊಡುತ್ತಿದ್ದೇನೆ. ಹತ್ತರಿಂದ ಹದಿಮೂರು ವರ್ಷದ ಹನ್ನೊಂದು ಮಕ್ಕಳಿದ್ದಾರೆ. ಹೆಚ್ಚಿನವರು ನಮ್ಮ ವಾರಾಂತ್ಯದ ಕನ್ನಡ ತರಗತಿಗೆ ಬರುವವರೇ. ಈ ಊರಿನಲ್ಲಿ ಚೆಂಡು ಹಿಡಿಯುವ ಮಗುವಿಗೆ ಕ್ರಿಸ್ಪಸ್ ಆಟಕ್ಸ್ ಶಾಲೆಯ ಕಥೆ ಗೊತ್ತಿರಲೇಬೇಕು ಎಂಬುದು ನನ್ನ ಹಟ. ಆದರೆ ಅದನ್ನು ಹೇಳುವ ಬಗೆ ನನಗೆ ದಕ್ಕಿದ್ದು ಮೂರನೆಯ ಪ್ರಯತ್ನದಲ್ಲಿ.

ಮೊದಲ ವರ್ಷ ಪರದೆಯ ಮೇಲೆ ಚಿತ್ರ ತೋರಿಸುತ್ತಾ ಇಸವಿಗಳನ್ನು ಒಪ್ಪಿಸಿದೆ. 1927ರಲ್ಲಿ ನಗರದ ಕಪ್ಪು ಮಕ್ಕಳನ್ನು ಬೇರ್ಪಡಿಸಿ ಆಟಕ್ಸ್ ಎಂಬ ಒಂದೇ ಪ್ರೌಢಶಾಲೆಗೆ ಸೇರಿಸಿದ್ದು, 1942ರವರೆಗೆ ಆ ಶಾಲೆಗೆ ರಾಜ್ಯ ಪಂದ್ಯಾವಳಿಯ ಬಾಗಿಲು ತೆರೆಯದೇ ಇದ್ದದ್ದು, ಎದುರಾಳಿಗಳನ್ನು ಹುಡುಕಿಕೊಂಡು ಹುಡುಗರು ಬೇರೆ ರಾಜ್ಯಗಳ ಕಪ್ಪು ಶಾಲೆಗಳವರೆಗೂ ಪ್ರಯಾಣ ಮಾಡಿದ್ದು, 1949ರಲ್ಲಿ ಶಾಲೆಗಳಲ್ಲಿ ಹೀಗೆ ಬೇರ್ಪಡಿಸುವುದನ್ನು ನಿಷೇಧಿಸುವ ಕಾನೂನು ಬಂದದ್ದು, ಎಲ್ಲವನ್ನೂ ಹೇಳಿದೆ. ಹತ್ತೇ ನಿಮಿಷದಲ್ಲಿ ಮಕ್ಕಳು ಆಕಳಿಸತೊಡಗಿದರು. ಆಟ ಕಲಿಯಲು ಬಂದವರಿಗೆ ನಾನು ಬರೀ ಕಾಯಿದೆಯ ಮಾತು ಹೇಳಿದ್ದೆ.

ಎರಡನೆಯ ವರ್ಷ ಏನನ್ನೂ ವಿವರಿಸದೆ ಅಂಕಫಲಕದ ಮುಂದೆ ನಿಂತೆ. ಆಟ ಶುರುವಾಗುವ ಮುನ್ನವೇ ಹಳದಿ ಅಂಗಿಯವರಿಗೆ 10, ನೀಲಿ ಅಂಗಿಯವರಿಗೆ 0 ಎಂದು ಬರೆದೆ. ನೀಲಿಯವರ ಕೈ ಸ್ವಲ್ಪ ತಾಗಿದರೂ ಸೀಟಿ ಊದಿದೆ. ಹಳದಿಯವರು ತಳ್ಳಿದರೂ ಸುಮ್ಮನಿದ್ದೆ. ಮೊದಲು ಗೊಣಗಿದರು, ಆಮೇಲೆ ಕೂಗಾಡಿದರು. ಕೊನೆಗೆ ನೀಲಿ ತಂಡದ ಹುಡುಗಿಯೊಬ್ಬಳು ಚೆಂಡನ್ನು ಗೋಡೆಗೆ ಎಸೆದು, ಬೆಂಚಿನ ಮೇಲೆ ಕುಳಿತು ಬಿಕ್ಕತೊಡಗಿದಳು. ಆಟಕ್ಸ್ ತಂಡದ ತರಬೇತುದಾರ ರೇ ಕ್ರೋ ಅವರ ಮಾತು ಹೇಳಲು ನಾನು ಆ ಕ್ಷಣಕ್ಕಾಗಿಯೇ ಕಾಯುತ್ತಿದ್ದೆ. ಮೊದಲ ಹತ್ತು ಅಂಕ ರೆಫರಿಗಳ ಪಾಲು, ಆಮೇಲಿನದು ಮಾತ್ರ ನಮ್ಮದು ಎಂಬ ಲೆಕ್ಕದಲ್ಲಿ ಅವರು ಹುಡುಗರನ್ನು ಅಂಗಳಕ್ಕೆ ಇಳಿಸುತ್ತಿದ್ದರು. ಅದನ್ನು ಹೇಳಿ ಮುಗಿಸಿದಾಗ ಪಾಠ ಚೆನ್ನಾಗಿ ತಲುಪಿತು ಎಂದುಕೊಂಡೆ.

ಸಂಜೆ ಆ ಹುಡುಗಿಯ ತಾಯಿ ಫೋನ್ ಮಾಡಿದರು. "ನೀವು ಹೇಳಿದ ಕಥೆ ಅವಳಿಗೆ ಒಂದು ಚೂರೂ ನೆನಪಿಲ್ಲ. ನೀವು ಮೋಸ ಮಾಡಿದಿರಿ ಎಂಬುದು ಮಾತ್ರ ನೆನಪಿದೆ," ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ಮರುದಿನ ಅವರ ಮನೆಗೆ ಹೋಗಿ ಹುಡುಗಿಯ ಬಳಿ ಕ್ಷಮೆ ಕೇಳಿದೆ. ಇನ್ನೊಬ್ಬರು ಉಂಡ ಅವಮಾನವನ್ನು ಮಕ್ಕಳಿಗೆ ನಾಟಕವಾಡಿಸಿ ಕಲಿಸಲು ಹೋಗಬಾರದು. ಈಗಲೂ ಆ ಅಭ್ಯಾಸ ಮಾಡಿಸುತ್ತೇನೆ. ಆದರೆ ಮೊದಲೇ ತಿಳಿಸಿ, ನಾಲ್ಕೇ ನಿಮಿಷ ಆಡಿಸುತ್ತೇನೆ, ಎರಡು ನಿಮಿಷಕ್ಕೆ ತಂಡಗಳನ್ನು ಅದಲುಬದಲು ಮಾಡುತ್ತೇನೆ. ಯಾರನ್ನೂ ಕಪ್ಪು ತಂಡ, ಬಿಳಿ ತಂಡ ಎಂದು ಕರೆಯುವುದಿಲ್ಲ. ಮುಗಿದ ಮೇಲೆ ಕೇಳುವುದು ಒಂದೇ ಪ್ರಶ್ನೆ: ನಿಮ್ಮ ಆಟದಲ್ಲಿ ಏನು ಬದಲಾಯಿತು?

ಹೋದ ವರ್ಷ ಒಬ್ಬ ಹುಡುಗ ಹೇಳಿದ, "ತಾಗಿದರೆ ಸೀಟಿ ಊದುತ್ತೀರಿ ಅಂತ ಕೈಯನ್ನು ಬೆನ್ನ ಹಿಂದೆಯೇ ಇಟ್ಟುಕೊಂಡೆ, ಕೋಚ್." ನನಗೆ ಮೈ ಜುಮ್ಮೆಂದಿತು. ಕ್ರೋ ಬರುವ ಮೊದಲು ಆಟಕ್ಸ್ ಹುಡುಗರಿಗೆ ಕಲಿಸಿದ್ದೂ ಅದನ್ನೇ: ಬಿಳಿಯ ಎದುರಾಳಿಗೆ ಸಿಟ್ಟು ಬರಿಸಬೇಡಿ, ತಗ್ಗಿಬಗ್ಗಿ ಆಡಿ, ಮೈಮೇಲೆ ಬೀಳಬೇಡಿ. 1950ರಲ್ಲಿ ತಂಡ ಕೈಗೆ ಬಂದ ಮೇಲೆ ಕ್ರೋ ಶಿಸ್ತನ್ನು ಸಡಿಲಿಸಲಿಲ್ಲ, ಆದರೆ ಕೈಕಾಲಿನ ಕಟ್ಟು ಬಿಚ್ಚಿದರು. ಅವರ ಏಳು ವರ್ಷಗಳಲ್ಲಿ ತಂಡ ಗೆದ್ದದ್ದು 179 ಪಂದ್ಯ, ಸೋತದ್ದು 20. ಅದೂ ಪಂದ್ಯ ಏರ್ಪಡಿಸುವಷ್ಟು ದೊಡ್ಡ ಅಂಗಳ ಸ್ವಂತ ಶಾಲೆಯಲ್ಲಿ ಇಲ್ಲದೆ, ಎಲ್ಲವನ್ನೂ ಹೊರಗೇ ಆಡಿಕೊಂಡು.

ಮೂರನೆಯ ವರ್ಷದಿಂದ ಅಭ್ಯಾಸದ ಜೊತೆಗೆ ಅರ್ಧ ದಿನದ ಪ್ರಯಾಣವೂ ಸೇರಿತು. ಹೊರಡುವುದು ಬಟ್ಲರ್ ವಿಶ್ವವಿದ್ಯಾಲಯದ ಹಿಂಕಲ್ ಒಳಾಂಗಣದಿಂದ. ಎತ್ತರದ ಕಿಟಕಿಗಳಿಂದ ಬಿಸಿಲು ಮರದ ನೆಲದ ಮೇಲೆ ಬೀಳುವ ಹೊತ್ತಿಗೆ ಹೋದರೆ ಮಕ್ಕಳು ತಾವಾಗಿಯೇ ಸುಮ್ಮನಾಗುತ್ತಾರೆ. ಆಗ ಇಂಡಿಯಾನಾದಲ್ಲಿ ದೊಡ್ಡ ಶಾಲೆ, ಚಿಕ್ಕ ಶಾಲೆ ಎಂಬ ವಿಂಗಡಣೆ ಇರಲಿಲ್ಲ. ಏಳುನೂರಕ್ಕೂ ಹೆಚ್ಚು ಶಾಲೆಗಳಿಗೆ ಒಂದೇ ಕಪ್. 1954ರಲ್ಲಿ ಮಿಲನ್ ಎಂಬ ಪುಟ್ಟ ಊರಿನ ಶಾಲೆ ಅದನ್ನು ಗೆದ್ದ ಕಥೆಯನ್ನು ಇಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆ ಹಾದಿಯಲ್ಲಿ ಮಿಲನ್ ಸೋಲಿಸಿದ ತಂಡಗಳಲ್ಲಿ ಆಟಕ್ಸ್ ಕೂಡ ಒಂದು ಎಂಬುದನ್ನು ಹೇಳುವವರು ಕಡಿಮೆ. ಅದು ನನಗೆ ಸಂಕಟದ ವಿಷಯ. ಮರುವರ್ಷ, 1955ರ ಮಾರ್ಚ್ 19ರಂದು, ಇದೇ ನೆಲದ ಮೇಲೆ ಆಟಕ್ಸ್ ತಂಡ ಗ್ಯಾರಿ ನಗರದ ರೂಸ್‌ವೆಲ್ಟ್ ಶಾಲೆಯನ್ನು 97–74ರಿಂದ ಸೋಲಿಸಿತು. ಅದೂ ಕಪ್ಪು ಮಕ್ಕಳ ಶಾಲೆಯೇ. ಎಲ್ಲರಿಗೂ ತೆರೆದ ರಾಜ್ಯ ಪಂದ್ಯಾವಳಿಯೊಂದನ್ನು ಕಪ್ಪು ಮಕ್ಕಳ ಶಾಲೆ ಗೆದ್ದದ್ದು ಇಡೀ ದೇಶದಲ್ಲಿ ಅದೇ ಮೊದಲು. ಆಟಕ್ಸ್ ತಂಡದ ತಾರೆ ಆಸ್ಕರ್ ರಾಬರ್ಟ್‌ಸನ್‌ಗೆ ಆಗ ಹದಿನಾರು ವರ್ಷ.

ಇಲ್ಲಿ ನಿಲ್ಲಿಸಿ ಮಕ್ಕಳನ್ನು ಕೇಳುತ್ತೇನೆ: ನೀವು ಗೆದ್ದಿದ್ದರೆ ಈಗ ಎಲ್ಲಿಗೆ ಹೋಗುತ್ತಿದ್ದಿರಿ? ಊರ ನಡುವಿನ ಸ್ಮಾರಕ ವೃತ್ತಕ್ಕೆ ಎಂದು ಎಲ್ಲರೂ ಒಟ್ಟಿಗೆ ಕೂಗುತ್ತಾರೆ. ಗೆದ್ದ ತಂಡ ಅಗ್ನಿಶಾಮಕ ವಾಹನ ಏರಿ ಅಲ್ಲಿಗೆ ಹೋಗಿ ಸಂಭ್ರಮಿಸುವುದು ವಾಡಿಕೆಯಾಗಿತ್ತು. ನಾವೂ ಕಾರುಗಳಲ್ಲಿ ಸುಮಾರು ಆರು ಮೈಲಿ ದಕ್ಷಿಣಕ್ಕೆ ಹೋಗಿ ವೃತ್ತದಲ್ಲಿ ಇಳಿಯುತ್ತೇವೆ. ಆ ರಾತ್ರಿ ಆಟಕ್ಸ್ ಹುಡುಗರ ವಾಹನ ಈ ವೃತ್ತವನ್ನು ಸುತ್ತಿ, ನಿಲ್ಲದೆ ಇಂಡಿಯಾನಾ ಅವೆನ್ಯೂ ಹಿಡಿದು, ಕಪ್ಪು ಜನರ ಬಡಾವಣೆಯಲ್ಲಿದ್ದ ನಾರ್ತ್‌ವೆಸ್ಟರ್ನ್ ಪಾರ್ಕಿಗೆ ಹೋಯಿತು. ಕಪ್ಪು ಜನರು ಊರ ನಡುವೆ ಸೇರಿದರೆ ಗಲಭೆಯಾದೀತು ಎಂಬ ಭಯ ಅಧಿಕಾರಿಗಳಿಗೆ. ಪಾರ್ಕಿನಲ್ಲಿ ಬೆಂಕಿ ಹಾಕಿ ಜನರು ಹಾಡಿ ಕುಣಿದರು. ಆದರೆ ರಾಬರ್ಟ್‌ಸನ್ ಬೇಗನೆ ಎದ್ದು ತಂದೆಯ ಮನೆಗೆ ಹೋದರು. ಮುಂದೆ ಒಲಿಂಪಿಕ್ ಚಿನ್ನ ಗೆದ್ದು, ಆಟಗಾರರ ಹಕ್ಕಿಗಾಗಿ ಕೋರ್ಟಿನಲ್ಲಿ ಹೋರಾಡಿದ ಮೇಲೂ ಆ ರಾತ್ರಿಯ ನೋವನ್ನು ಅವರು ಮರೆಯಲಿಲ್ಲ.

ಹೋದ ವರ್ಷ ನಮ್ಮೊಂದಿಗೆ ಒಬ್ಬ ಹುಡುಗನ ಅಜ್ಜ ಬಂದಿದ್ದರು, ಧಾರವಾಡದವರು. ಸ್ಮಾರಕದ ಬುಡದಲ್ಲಿ ಒಂದು ಶಿಲ್ಪವಿದೆ: ಬಿಡುಗಡೆಯಾದ ಗುಲಾಮನೊಬ್ಬ ತುಂಡಾದ ಸರಪಳಿಯನ್ನು ಮೇಲೆತ್ತಿ ಹಿಡಿದಿದ್ದಾನೆ. ಅಜ್ಜ ಅದನ್ನೇ ನೋಡುತ್ತಾ ನಿಂತಿದ್ದರು. "ಈ ಮೂರ್ತಿಯ ಮುಂದೆಯೇ ಆ ಹುಡುಗರ ಗಾಡಿ ಹೋಯಿತೇನು?" ಎಂದು ಕೇಳಿದರು. ಹೌದು ಎಂದೆ. ಆಮೇಲೆ ಮೆಟ್ಟಿಲ ಮೇಲೆ ಕುಳಿತು, ಮಕ್ಕಳನ್ನು ಹತ್ತಿರ ಕರೆದು, ತಮ್ಮೂರಿನಲ್ಲಿ ಹುಟ್ಟಿದ ದಲಿತ ಕ್ರಿಕೆಟಿಗ ಪಾಲ್ವಣಕರ್ ಬಾಳೂ ಅವರ ಕಥೆ ಹೇಳಿದರು. ಪುಣೆಯಲ್ಲಿ ಅವರ ಬೌಲಿಂಗ್ ತಂಡಕ್ಕೆ ಬೇಕಾಗಿತ್ತು, ಆದರೆ ಚಹಾ ಮಾತ್ರ ಹೊರಗೆ, ಬೇರೆ ಮಣ್ಣಿನ ಲೋಟದಲ್ಲಿ. "ಚೆಂಡು ಎಲ್ಲರೂ ಮುಟ್ಟಬಹುದಿತ್ತು ನೋಡಿ, ಲೋಟ ಮುಟ್ಟುವ ಹಾಗಿರಲಿಲ್ಲ," ಎಂದರು ಅಜ್ಜ. ಮಕ್ಕಳು ಅಷ್ಟು ಗಮನವಿಟ್ಟು ಕೇಳಿದ್ದನ್ನು ನಾನು ಅಂಗಳದಲ್ಲೂ ಕಂಡಿರಲಿಲ್ಲ.

ವೃತ್ತವನ್ನು ನಡೆದು ಸುತ್ತಿ ಸಮಯ ಅಳೆಯುವ ಕೆಲಸ ಮಕ್ಕಳದು. ನಾಲ್ಕೂವರೆ ನಿಮಿಷ ಬಂತು. "ಗಾಡಿಯಲ್ಲಾದರೆ ಒಂದು ನಿಮಿಷವೂ ಇಲ್ಲ," ಎಂದ ಗಡಿಯಾರ ಹಿಡಿದಿದ್ದ ಹುಡುಗ. ನಾನು ಏನನ್ನೂ ಸೇರಿಸಲಿಲ್ಲ.

ಯಾರಾದರೂ ಹೀಗೆ ಹೋಗುವುದಾದರೆ ಆಟಕ್ಸ್ ಶಾಲೆಯೊಳಗಿನ ವಸ್ತುಸಂಗ್ರಹಾಲಯಕ್ಕೆ ಮುಂಚಿತವಾಗಿ ತಿಳಿಸಿ ಹೋಗಿ. ಕೊನೆಯ ನಿಲುಗಡೆ ಆ ಪಾರ್ಕ್, ಈಗ ಅದರ ಹೆಸರು ವಾಟ್ಕಿನ್ಸ್ ಪಾರ್ಕ್. ಹೋಗುವಾಗ ಚೆಂಡು ಮರೆಯಬೇಡಿ. ನಮ್ಮ ಮಕ್ಕಳು ಅಲ್ಲಿ ಒಂದು ಗಂಟೆ ಆಡಿದರು. ಮೊದಲೊಮ್ಮೆ ಅತ್ತಿದ್ದ ಹುಡುಗಿಗೆ ಈಗ ಹದಿಮೂರು ವರ್ಷ. ಕಾರು ಹತ್ತುವಾಗ ಅವಳು ಕೇಳಿದಳು, "ಕೋಚ್, ಮುಂದಿನ ವರ್ಷ ಇಲ್ಲಿಂದಲೇ ಹೊರಟು ವೃತ್ತದಲ್ಲಿ ಮುಗಿಸೋಣವೇ? ಅಲ್ಲಿಯೇ ತುಂಬಾ ಹೊತ್ತು ಇರಬಹುದು." ಮುಂದಿನ ವರ್ಷದ ದಾರಿಯನ್ನು ಹಾಗೆಯೇ ಗುರುತು ಹಾಕಿಟ್ಟಿದ್ದೇನೆ.